ಬಾರ್ಲಿವೈನ್ ಕ್ಲೋನ್: ಬೆಂಗಳೂರಿನಲ್ಲಿ ಯಾವುದಕ್ಕೆ ಕೈ ಹಾಕಬೇಕು?

ಬಾರ್ಲಿವೈನ್ ಕ್ಲೋನ್, ಅಂದರೆ ಹೆಸರಾದ ಒಂದು ಬಾರ್ಲಿವೈನ್‌ನ ನಕಲು, ಮಾಡಬೇಕು ಅಂತ ಬರುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ನಿಮಗೆ ಇಷ್ಟವಾದ ಆ ಬಾಟಲಿಯನ್ನು ನೀವು ಕುಡಿದಾಗ ಅದಕ್ಕೆ ಎಷ್ಟು ವಯಸ್ಸಾಗಿತ್ತು?

ಬಾರ್ಲಿವೈನ್ ಅಂದರೆ ಬಾರ್ಲಿ ಮಾಲ್ಟ್‌ನಿಂದ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮಾಡಿದ, ವೈನ್‌ಗೆ ಹತ್ತಿರದ ಕಿಕ್ ಇರುವ ಏಲ್ ಥರದ ಬಿಯರ್. ಸಾಮಾನ್ಯ ಬಿಯರ್ ಹಾಗೆ ಬಾಟಲಿಗೆ ಬಿದ್ದ ದಿನವೇ ಇದರ ರುಚಿ ಮುಗಿದುಹೋಗುವುದಿಲ್ಲ. ಬಿಗ್‌ಫುಟ್ ಅನ್ನುವ ಅಮೆರಿಕದ ಬಾರ್ಲಿವೈನ್ ಈಗ ತಾನೇ ಬಂದಿದ್ದರೆ ಕಹಿಯಿಂದ ನಾಲಿಗೆ ಹಿಡಿಯುತ್ತದೆ, ಕಿತ್ತಳೆ ಸಿಪ್ಪೆ ಮತ್ತು ಪೈನ್ ಮರದ ವಾಸನೆ ಹೊಡೆಯುತ್ತದೆ. ಅದೇ ಬಾಟಲಿಯನ್ನು 4 ವರ್ಷ ತಣ್ಣಗೆ ಇಟ್ಟರೆ ಹಾಪ್ಸ್ (ಬಿಯರಿಗೆ ಕಹಿ, ವಾಸನೆ ಕೊಡುವ ಹೂ) ವಾಸನೆ ಹಿಂದೆ ಸರಿಯುತ್ತದೆ. ಕ್ಯಾರಮೆಲ್, ಒಣದ್ರಾಕ್ಷಿ, ಸ್ವಲ್ಪ ಶೆರ್ರಿ ಮುಂದೆ ಬರುತ್ತವೆ. ಹೊಸ ಮಾವಿನಮಿಡಿ ಉಪ್ಪಿನಕಾಯಿಗೂ ಜಾಡಿಯಲ್ಲಿ ವರ್ಷ ಕಳೆದದ್ದಕ್ಕೂ ಇರುವಷ್ಟು ವ್ಯತ್ಯಾಸ ಇದು. ರೆಸಿಪಿ ಒಂದೇ ಇದ್ದರೂ ಗುರಿ ಎರಡು. ಯಾವ ಗುರಿ ಅಂತ ತೀರ್ಮಾನ ಆಗದೆ ಮಾಲ್ಟ್ ತೂಕ ಹಾಕಲು ಕೂರಬೇಡಿ.

ಎರಡನೆಯ ಪ್ರಶ್ನೆ ನಮ್ಮ ಊರಿನದು. ಎಷ್ಟು ಸ್ಟ್ರಾಂಗ್ ಮಾಡಲು ನಿಮಗೆ ಅವಕಾಶ ಇದೆ?

ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಜಯನಗರದ ಮನೆಯ ಅಡುಗೆಮನೆಗೂ ಇದು ಅನ್ವಯಿಸುತ್ತದೆ. ಬ್ರಿಟನ್‌ನಲ್ಲಿ 1963ರಿಂದ ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಕಾನೂನು ಬದಲಾಯಿತು, 1979ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅಲ್ಲಿರುವ ನಮ್ಮವರು ಗ್ಯಾರೇಜಿನಲ್ಲಿ ನೆಮ್ಮದಿಯಾಗಿ ಮಾಡಿಕೊಳ್ಳಬಹುದು. ಬೆಂಗಳೂರಿನಲ್ಲಿರುವ ನಮಗೆ ದಾರಿ ಎಂದರೆ ಲೈಸೆನ್ಸ್ ಇರುವ ಮೈಕ್ರೋಬ್ರೂವರಿ, ಅಲ್ಲಿನ 20 ಲೀಟರಿನ ಪರೀಕ್ಷೆ ಪಾತ್ರೆ. ನಾನು ಕೆಲಸ ಕಲಿತದ್ದೂ ಅಂಥ ಒಂದು ಜಾಗದಲ್ಲೇ. ಆದರೆ ಅಲ್ಲಿಯೂ ಒಂದು ಗೆರೆ ಇದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಲ್ಲಿ ಸ್ಟ್ರಾಂಗ್ ಬಿಯರ್ ಎಂದರೆ ಆಲ್ಕೋಹಾಲ್ 5%ಗಿಂತ ಹೆಚ್ಚು, 8%ವರೆಗೆ. ಬಿಗ್‌ಫುಟ್ 9.6%. ಅದನ್ನು ಇದ್ದ ಹಾಗೆ ಇಲ್ಲಿ ಬಿಯರ್ ಅಂತ ಟ್ಯಾಪ್‌ಗೆ ಹಾಕಲು ಬರುವುದಿಲ್ಲ.

ಹಾಗಾಗಿ ಇಲ್ಲಿ ಹೋಲಿಕೆ ಬೇರೆ ಥರ ಆಗುತ್ತದೆ. ಯಾವ ಬಾರ್ಲಿವೈನ್ ಎಲ್ಲಕ್ಕಿಂತ ಚೆನ್ನ ಅಂತ ಕೇಳಿ ಉಪಯೋಗವಿಲ್ಲ. ಯಾವುದನ್ನು 8%ರ ಒಳಗೆ ಇಳಿಸಿದರೂ ಅದರ ಗುರುತು ಉಳಿಯುತ್ತದೆ ಅಂತ ಕೇಳಬೇಕು.

ಬಿಗ್‌ಫುಟ್

ಕ್ಯಾಲಿಫೋರ್ನಿಯಾದ ಚಿಕೋ ಊರಿನ ಸಿಯೆರಾ ನೆವಾಡಾ ಬ್ರೂವರಿ 1983ರಿಂದ ಇದನ್ನು ಮಾಡುತ್ತಿದೆ. ಕ್ಲೋನ್ ಮಾಡುವವರಿಗೆ ಇದರಷ್ಟು ಸಹಾಯ ಮಾಡುವ ಬಿಯರ್ ಕಡಿಮೆ, ಯಾಕೆಂದರೆ ಕಂಪನಿಯೇ ಅಂಕಿಗಳನ್ನು ಹೊರಗೆ ಹೇಳಿದೆ. ಶುರುವಿನ ಗ್ರ್ಯಾವಿಟಿ (ಹುದುಗುವ ಮೊದಲು ದ್ರವದಲ್ಲಿರುವ ಸಕ್ಕರೆಯ ಅಳತೆ) 23 ಪ್ಲೇಟೋ, ಹುದುಗಿದ ಮೇಲೆ ಕೊನೆಯದು 6, ಕಹಿ 90 ಐಬಿಯು (ಕಹಿಯ ಅಳತೆ). ಹೈಡ್ರೋಮೀಟರ್ ಭಾಷೆಯಲ್ಲಿ 1.096ರಿಂದ 1.024. ಎರಡು-ಸಾಲಿನ ಪೇಲ್ ಮಾಲ್ಟ್, ಕ್ಯಾರಮೆಲ್ ಮಾಲ್ಟ್, ಹಾಪ್ಸ್‌ನಲ್ಲಿ ಕ್ಯಾಸ್ಕೇಡ್, ಸೆಂಟೆನಿಯಲ್, ಚಿನೂಕ್. ಅವರ ಯೀಸ್ಟ್‌ನ ಒಣ ರೂಪ ಅಂತ ಎಲ್ಲರೂ ಬಳಸುವುದು ಯುಎಸ್-05. ಅದು ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತದೆ.

ಇದರ ಪ್ರಾಣ ಇರುವುದು ಕಹಿಯಲ್ಲಿ ಮತ್ತು ಹಾಪ್ಸ್ ವಾಸನೆಯಲ್ಲಿ. ಆಲ್ಕೋಹಾಲ್ ಇವೆರಡನ್ನೂ ಹೊತ್ತುಕೊಂಡು ನಿಲ್ಲುತ್ತದೆ, ಅಷ್ಟೇ. ಅದಕ್ಕೇ ಇದನ್ನು ಇಳಿಸಬಹುದು. 1.096 ಅಂದರೆ 96 ಗ್ರ್ಯಾವಿಟಿ ಪಾಯಿಂಟ್. ಅದಕ್ಕೆ 90 ಐಬಿಯು ಅಂದರೆ ಪಾಯಿಂಟಿಗೆ ಸುಮಾರು 0.94. ಈ ಅನುಪಾತ ಕೈಬಿಡದೆ 1.076ಕ್ಕೆ ಇಳಿಸಿದರೆ ಕಹಿ 71ರ ಹತ್ತಿರ ಬರುತ್ತದೆ. 1.018ಕ್ಕೆ ನಿಂತರೆ 7.6%. ಕುಡಿದವರು ಇದು ಬಿಗ್‌ಫುಟ್‌ನ ಮನೆತನದ್ದೇ ಅಂತ ಗುರುತಿಸುತ್ತಾರೆ. ಗಂಟಲಲ್ಲಿ ಆ ಬಿಸಿ ಕಡಿಮೆ ಇರುತ್ತದೆ, ಉಳಿದದ್ದೆಲ್ಲ ಇರುತ್ತದೆ.

ಒಂದು ಎಚ್ಚರಿಕೆ. 8%ರ ಅಂಚಿಗೆ ಗುರಿ ಇಡಬೇಡಿ. ಯುಎಸ್-05 ಸಕ್ಕರೆಯನ್ನು ತುಂಬಾ ತಿನ್ನುವ ಯೀಸ್ಟ್. 1.018ಕ್ಕೆ ನಿಲ್ಲುತ್ತದೆ ಅಂದುಕೊಂಡದ್ದು 1.015ಕ್ಕೆ ಹೋಗಿ ನಿಲ್ಲಬಹುದು. 1.076ರಿಂದ ಶುರು ಮಾಡಿದ್ದರೆ ಆಗಲೂ ಅದು ಗೆರೆ ಮುಟ್ಟುತ್ತದೆ, ದಾಟುವುದಿಲ್ಲ.

ಹಾರ್ವೆಸ್ಟ್ ಏಲ್

ಇದು ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಬಾರ್ಲಿವೈನ್. ಮ್ಯಾಂಚೆಸ್ಟರ್‌ನ ಜೆ.ಡಬ್ಲ್ಯೂ. ಲೀಸ್ 1986ರಲ್ಲಿ ಶುರು ಮಾಡಿದ್ದು, ವರ್ಷಕ್ಕೊಮ್ಮೆ ಆ ವರ್ಷದ ಬೆಳೆಯಿಂದ ಮಾಡುತ್ತಾರೆ. 11.5%. ಪದಾರ್ಥಗಳ ಪಟ್ಟಿ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ: ಮಾರಿಸ್ ಓಟರ್ ಮಾಲ್ಟ್, ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ಸ್, ನೀರು, ಯೀಸ್ಟ್. ಕ್ರಿಸ್ಟಲ್ (ಕ್ಯಾರಮೆಲ್) ಮಾಲ್ಟ್ ಇಲ್ಲ, ಸುಟ್ಟ ಮಾಲ್ಟ್ ಇಲ್ಲ. ಆದರೂ ಗ್ಲಾಸಿನಲ್ಲಿ ದಟ್ಟ ಕಂದು ಹೊಂಬಣ್ಣ. ಬಾಯಲ್ಲಿ ಖರ್ಜೂರ, ಜೇನು, ಸುಟ್ಟ ಸಕ್ಕರೆ.

ಇಷ್ಟು ಸರಳ ಪಟ್ಟಿ ಇರುವುದರಿಂದಲೇ ಇದನ್ನು ನಕಲು ಮಾಡುವುದು ಕಷ್ಟ. ಬಚ್ಚಿಟ್ಟುಕೊಳ್ಳಲು ಏನೂ ಇಲ್ಲ. ಮಾಲ್ಟ್ ಸಾಧಾರಣವಾಗಿದ್ದರೆ ಅದು ಹಾಗೇ ಕಾಣುತ್ತದೆ. ಯೀಸ್ಟ್ ಬಿಸಿಯಲ್ಲಿ ಕೆಲಸ ಮಾಡಿದ್ದರೆ ನೇಲ್ ಪಾಲಿಶ್ ವಾಸನೆ ಮುಚ್ಚಲು ಹಾಪ್ಸ್ ಇರುವುದಿಲ್ಲ. ಇದನ್ನು 8%ರ ಒಳಗೆ ಇಳಿಸಿದರೆ ಸಿಗುವುದು ಒಳ್ಳೆಯ ಸ್ಟ್ರಾಂಗ್ ಏಲ್, ಹಾರ್ವೆಸ್ಟ್ ಏಲ್ ಖಂಡಿತ ಅಲ್ಲ. ಆ ಮಂದತನ, ಆ ಬಿಸಿ, ವರ್ಷಗಟ್ಟಲೆ ಕಾದಾಗ ಬರುವ ಶೆರ್ರಿ, ಎಲ್ಲವೂ ಆ 11.5%ಗೆ ಕಟ್ಟಿಹಾಕಿದ್ದು. ಇದನ್ನು ಇಳಿಸಿ ನೋಡಿದವರು ಯಾರೂ ಸಮಾಧಾನಪಟ್ಟದ್ದನ್ನು ನಾನು ಕಂಡಿಲ್ಲ.

ಹಾಗಾಗಿ ನನ್ನ ಮಾತು ಸ್ಪಷ್ಟ. ನೀವು ಲೀಡ್ಸ್‌ನಲ್ಲೋ ಸಿಯಾಟಲ್‌ನಲ್ಲೋ ಇದ್ದು, ತಣ್ಣನೆಯ ನೆಲಮಾಳಿಗೆ ಇದ್ದು, ಒಂದು ವರ್ಷ ಕಾಯುತ್ತೇನೆ ಅನ್ನುವವರಾದರೆ ಹಾರ್ವೆಸ್ಟ್ ಏಲ್ ಮಾಡಿ. ಬೆಂಗಳೂರಿನಲ್ಲಿದ್ದರೆ ಬಿಗ್‌ಫುಟ್ ಇಳಿಸಿ ಮಾಡಿ.

ಉಳಿದವು

ಓಲ್ಡ್ ಫಾಗ್‌ಹಾರ್ನ್ ಬಗ್ಗೆ ಕೇಳುವವರು ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ 1975ರಲ್ಲಿ ಮಾಡಿದ್ದು, ಅಮೆರಿಕದ ಈಗಿನ ಬಾರ್ಲಿವೈನ್‌ಗಳಿಗೆಲ್ಲ ಹಿರಿಯ. ಹಾಪ್ಸ್ ಕ್ಯಾಸ್ಕೇಡ್ ಒಂದೇ. ಕಹಿ ಬಿಗ್‌ಫುಟ್‌ಗಿಂತ ಮೆತ್ತಗೆ. ಇಳಿಸಲು ಬರುತ್ತದೆ. ಆದರೆ ಆಂಕರ್ 2023ರಲ್ಲಿ ಬಾಗಿಲು ಹಾಕಿತು. ಪಕ್ಕದಲ್ಲಿಟ್ಟು ಹೋಲಿಸಲು ಅಸಲಿ ಬಾಟಲಿಯೇ ಇಲ್ಲದಿದ್ದರೆ ಕ್ಲೋನ್ ಸರಿಬಂತೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಥಾಮಸ್ ಹಾರ್ಡೀಸ್ ಏಲ್ 1968ರಲ್ಲಿ ಡಾರ್ಚೆಸ್ಟರ್‌ನಲ್ಲಿ ಹುಟ್ಟಿ, ಆಮೇಲೆ ಕೈಯಿಂದ ಕೈಗೆ ಹೋಗಿದೆ. ಯಾವ ಕಾಲದ, ಯಾರು ಮಾಡಿದ ಹಾರ್ಡಿಯನ್ನು ನಕಲು ಮಾಡುತ್ತೀರಿ ಅನ್ನುವುದೇ ಮೊದಲ ತಲೆನೋವು. ಮೊದಲ ಸಲ ಮಾಡುವವರಿಗೆ ಬೇಡ.

ಫುಲ್ಲರ್ಸ್‌ನ ಗೋಲ್ಡನ್ ಪ್ರೈಡ್ 8.5%. ನಮ್ಮ ಗೆರೆಗೆ ಬಹಳ ಹತ್ತಿರ. ಇಂಗ್ಲಿಷ್ ರುಚಿಯೇ ಬೇಕು, ಬೆಂಗಳೂರಲ್ಲೇ ಮಾಡಬೇಕು ಅನ್ನುವವರಿಗೆ ನಾನು ಹಾರ್ವೆಸ್ಟ್ ಬದಲು ಇದನ್ನು ಹೇಳುತ್ತೇನೆ. ಅರ್ಧ ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿ ಇಳಿಸಿದರೆ ಸಾಕು, ಅಷ್ಟರಲ್ಲಿ ಏನೂ ಕಳೆದುಹೋಗುವುದಿಲ್ಲ.

ಮಾಲ್ಟ್, ನೀರು, ಕುದಿ

ಇಳಿಸಿದ ಬಿಗ್‌ಫುಟ್‌ಗೆ 20 ಲೀಟರಿಗೆ 7.2 ಕೆ.ಜಿ. ಪೇಲ್ ಮಾಲ್ಟ್, 600 ಗ್ರಾಂ ಕ್ರಿಸ್ಟಲ್ 60. ಇದು 65% ಎಫಿಶಿಯೆನ್ಸಿ ಲೆಕ್ಕ, ಅಂದರೆ ಮಾಲ್ಟ್‌ನಿಂದ ಬರಬಹುದಾದ ಸಕ್ಕರೆಯಲ್ಲಿ 65% ಕೈಗೆ ಸಿಗುವ ಲೆಕ್ಕ. ಗ್ರ್ಯಾವಿಟಿ ಏರಿದಂತೆ ಮಾಲ್ಟ್‌ನಿಂದ ಸಕ್ಕರೆ ಪೂರ್ತಿ ತೊಳೆದು ತೆಗೆಯಲು ಆಗುವುದಿಲ್ಲ. ಮಾಮೂಲಿ ಏಲ್‌ನಲ್ಲಿ 75% ಬರುವ ಸೆಟ್‌ನಲ್ಲಿ ಇಲ್ಲಿ 65% ಬಂದರೆ ಖುಷಿಪಡಿ.

ದೇಶದ ಮಾಲ್ಟೋ, ಹೊರಗಿನದೋ? ರಾಜಸ್ಥಾನ, ಹರಿಯಾಣದ ಕಡೆ ಆರು-ಸಾಲಿನ ಬಾರ್ಲಿ ಹೆಚ್ಚು ಬೆಳೆಯುತ್ತಾ ಬಂದಿದ್ದಾರೆ. ಅದರಲ್ಲಿ ಸಿಪ್ಪೆ ಮತ್ತು ಪ್ರೋಟೀನ್ ಜಾಸ್ತಿ, ಸಕ್ಕರೆ ಸ್ವಲ್ಪ ಕಡಿಮೆ. ಈಗ ಎರಡು-ಸಾಲಿನ ಮಾಲ್ಟ್ ಕೂಡ ಇಲ್ಲಿಯದೇ ಸಿಗುತ್ತದೆ. ಬಿಗ್‌ಫುಟ್‌ಗೆ ದೇಶದ ಎರಡು-ಸಾಲಿನ ಮಾಲ್ಟ್ ಧಾರಾಳವಾಗಿ ಸಾಕು. ಅಷ್ಟು ಹಾಪ್ಸ್ ಮುಂದೆ ಬೇಸ್ ಮಾಲ್ಟ್‌ನ ಸೂಕ್ಷ್ಮ ಯಾರಿಗೂ ಕಾಣುವುದಿಲ್ಲ. ಉಳಿದ ದುಡ್ಡನ್ನು ಹಾಪ್ಸ್‌ಗೆ ಹಾಕಿ. ಗೋಲ್ಡನ್ ಪ್ರೈಡ್ ದಾರಿ ಹಿಡಿದರೆ ಮಾತ್ರ ಮಾರಿಸ್ ಓಟರ್‌ಗೆ ಖರ್ಚು ಮಾಡಿ, ಅಲ್ಲಿ ಅದೇ ಮುಖ್ಯ ರುಚಿ.

ಸುಮ್ನೆ ಬೆಲ್ಲ ಹಾಕಿ ಗ್ರ್ಯಾವಿಟಿ ಏರಿಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಬೆಲ್ಲ ಒಳ್ಳೆಯ ಪದಾರ್ಥ, ಅದರಿಂದ ಬೇರೆ ಬಿಯರ್ ಮಾಡಿ. ಬೆಲ್ಲದ ಸಕ್ಕರೆ ಪೂರ್ತಿ ಹುದುಗಿಹೋಗುತ್ತದೆ, ಮೈ ತೆಳುವಾಗುತ್ತದೆ, ಹಿಂದೆ ರಮ್ಮಿನ ವಾಸನೆ ಉಳಿಯುತ್ತದೆ. ಬಿಗ್‌ಫುಟ್‌ನಲ್ಲಿ ಅದಿಲ್ಲ.

ಮ್ಯಾಶ್ (ಮಾಲ್ಟ್ ಅನ್ನು ಬಿಸಿನೀರಿನಲ್ಲಿ ನೆನೆಸುವುದು) 68 ಡಿಗ್ರಿಯಲ್ಲಿ ಒಂದು ಗಂಟೆ. ಅಸಲಿಯಲ್ಲಿ ಆಲ್ಕೋಹಾಲ್ ಕೊಡುವ ಮಂದತನವನ್ನು ನಾವು ಮ್ಯಾಶ್‌ನಿಂದ ತರಬೇಕು. 65ಕ್ಕೆ ಇಳಿಸಿದರೆ ತೆಳು ಬಿಯರಿನ ಮೇಲೆ ಭಾರೀ ಕಹಿ ಕೂತು ಬಾಯಿ ಒಣಗುತ್ತದೆ.

ನೀರಿನ ವಿಷಯದಲ್ಲಿ ಅಂದಾಜು ಬೇಡ. ಒಂದೇ ರಸ್ತೆಯಲ್ಲಿ ಒಂದು ಕಟ್ಟಡಕ್ಕೆ ಕಾವೇರಿ, ಪಕ್ಕದ್ದಕ್ಕೆ ಬೋರ್‌ವೆಲ್, ಬೇಸಿಗೆಯಲ್ಲಿ ಎರಡಕ್ಕೂ ಟ್ಯಾಂಕರ್. ಬೋರ್ ನೀರು ಗಡಸು, ಬೈಕಾರ್ಬನೇಟ್ ಜಾಸ್ತಿ. ಇಷ್ಟು ಹಾಪ್ಸ್ ಇರುವ ಬಿಯರಿನಲ್ಲಿ ಅದು ಕಹಿಯನ್ನು ಒರಟು ಮಾಡುತ್ತದೆ. ಆರ್‌ಓ ನೀರಿನಿಂದ ಶುರು ಮಾಡಿ ಬೇಕಾದ ಲವಣ ಸೇರಿಸಿಕೊಳ್ಳುವುದೇ ನೆಟ್ಟಗಿನ ದಾರಿ. ಬಿಗ್‌ಫುಟ್‌ಗೆ ಒಟ್ಟು 40 ಲೀಟರಿಗೆ 8 ಗ್ರಾಂ ಜಿಪ್ಸಮ್ ಹಾಕಿದರೆ ಸಲ್ಫೇಟ್ ಲೀಟರಿಗೆ 110 ಮಿ.ಗ್ರಾಂ. ಆಸುಪಾಸು ಬರುತ್ತದೆ, ಕಹಿ ಚೂಪಾಗಿ ನಿಲ್ಲುತ್ತದೆ. ಇಂಗ್ಲಿಷ್ ದಾರಿಗೆ ಜಿಪ್ಸಮ್ ಬದಲು 6 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್. ಆಗ ಮಾಲ್ಟ್ ದುಂಡಗೆ ಬರುತ್ತದೆ.

ಇನ್ನು ಕುದಿ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿಗೆ. ಹಾಪ್ಸ್‌ನ ಕಹಿ ಬಿಯರಿಗೆ ಇಳಿಯುವುದು ಕಾವಿನಿಂದ, ಹಾಗಾಗಿ ಅದು ಇಲ್ಲಿ ಸ್ವಲ್ಪ ನಿಧಾನ. ಅದರ ಮೇಲೆ ಸಿಹಿ ಹೆಚ್ಚಾದಷ್ಟೂ ಕಹಿ ಇಳಿಯುವುದು ಕಡಿಮೆ. ಒಂದು ಗಂಟೆ ಕುದಿಸಿದರೆ 1.050 ವೋರ್ಟ್‌ನಲ್ಲಿ (ಹುದುಗುವ ಮೊದಲಿನ ಸಿಹಿ ದ್ರವ) ಹಾಪ್ಸ್‌ನ ಕಹಿಯಲ್ಲಿ 23% ಸಿಗುವ ಕಡೆ, 1.076ರಲ್ಲಿ ಲೆಕ್ಕಕ್ಕೆ ಬರುವುದು 18%. 1.096ರಲ್ಲಿ 15%. ಅಮೆರಿಕದ ರೆಸಿಪಿಯನ್ನು ಗ್ರಾಂ ಲೆಕ್ಕದಲ್ಲಿ ಹಾಗೇ ಇಳಿಸಿಕೊಂಡರೆ ಕಹಿ ಸಾಲದೆ ಬರುವುದು ಇದಕ್ಕೇ. ನಾನು ಹೇಳುವುದು: 12% ಆಲ್ಫಾ (ಕಹಿ ಕೊಡುವ ಅಂಶ) ಇರುವ ಚಿನೂಕ್ 60 ಗ್ರಾಂ, ಒಂದು ಗಂಟೆಗೆ. ಕೊನೆಯ 10 ನಿಮಿಷಕ್ಕೆ ಕ್ಯಾಸ್ಕೇಡ್ 40, ಸೆಂಟೆನಿಯಲ್ 30. ಹುದುಗುವಿಕೆ ಮುಗಿದ ಮೇಲೆ ಮೂರೂ ಸೇರಿ 80 ಗ್ರಾಂ, 5 ದಿನ.

ಹಾಪ್ಸ್ ಕೊಳ್ಳುವಾಗ ಬೆಳೆ ವರ್ಷ ನೋಡಿ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಡೆ ಹಾಪ್ಸ್ ಬೆಳೆಯುತ್ತಾರೆ, ಆದರೆ ಈ ಮೂರು ತಳಿಗಳು ಅಮೆರಿಕದಿಂದಲೇ ಬರಬೇಕು. ಪ್ಯಾಕೆಟ್ ತೆರೆದಾಗ ಚೀಸ್ ವಾಸನೆ ಬಂದರೆ ಅದು ಎಲ್ಲೋ ಬಿಸಿ ಗೋದಾಮಿನಲ್ಲಿ ಕೂತಿತ್ತು ಅಂತ ಅರ್ಥ. ಅಂಥದ್ದನ್ನು ವಾಪಸ್ ಕೊಡಿ. ಈ ಬಿಯರಿನಲ್ಲಿ ಹಳಸಿದ ಹಾಪ್ಸ್‌ಗೆ ಜಾಗವಿಲ್ಲ.

ಯೀಸ್ಟ್ ಮತ್ತು ತಿಂಗಳು

ಮೂರು ಒಣ ಯೀಸ್ಟ್‌ಗಳಲ್ಲಿ ಆಯ್ಕೆ. ಬಿಗ್‌ಫುಟ್‌ಗೆ ಯುಎಸ್-05, ಇದರಲ್ಲಿ ಯೋಚಿಸುವುದೇನೂ ಇಲ್ಲ. ಗೋಲ್ಡನ್ ಪ್ರೈಡ್‌ಗೆ ಎಸ್-04, ಹಣ್ಣಿನ ವಾಸನೆ ಕೊಡುತ್ತದೆ, ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಹೊರದೇಶದಲ್ಲಿ 11.5%ರ ಹಾರ್ವೆಸ್ಟ್ ಮಾಡುವವರು ನಾಟಿಂಗ್‌ಹ್ಯಾಮ್ ಹಿಡಿಯಿರಿ, ಅದು 14%ವರೆಗೆ ತಡೆಯುತ್ತದೆ. ಉಳಿದೆರಡು ಅಲ್ಲಿಗೆ ಮುಂಚೆಯೇ ಸುಸ್ತಾಗುತ್ತವೆ.

ಒಂದು ಸ್ಯಾಶೆ ಸಾಲದು. 20 ಲೀಟರಿಗೆ 2 ಹಾಕಿ, ಪೂರ್ಣ ಶಕ್ತಿಯದಕ್ಕೆ 3. ಇನ್ನೂ ಒಳ್ಳೆಯದು, ಮೊದಲು ಅದೇ ಯೀಸ್ಟ್‌ನಲ್ಲಿ ಒಂದು ಹಗುರ ಪೇಲ್ ಏಲ್ ಮಾಡಿ, ಅದರ ತಳದಲ್ಲಿ ಉಳಿದ ಯೀಸ್ಟ್ ಮೇಲೆ ಇದನ್ನು ಸುರಿಯಿರಿ. ಮೈಕ್ರೋಬ್ರೂವರಿಯಲ್ಲಿ ತಾಜಾ ಯೀಸ್ಟ್ ಇದ್ದೇ ಇರುತ್ತದೆ, ಕೇಳಿದರೆ ಕೊಡುತ್ತಾರೆ. ಸುರಿಯುವ ಮೊದಲು ವೋರ್ಟ್‌ಗೆ ಚೆನ್ನಾಗಿ ಗಾಳಿ ಸೇರಿಸಿ. ಇಷ್ಟು ಸಿಹಿಯಲ್ಲಿ ಯೀಸ್ಟ್‌ಗೆ ಉಸಿರು ಬೇಕು.

ಎಲ್ಲಕ್ಕಿಂತ ದೊಡ್ಡ ವಿಷಯ ಕಾವು. ಸ್ಟ್ರಾಂಗ್ ಬಿಯರ್ ಹುದುಗುವಾಗ ತನ್ನದೇ ಬಿಸಿಯಿಂದ ಕೋಣೆಗಿಂತ 4–5 ಡಿಗ್ರಿ ಮೇಲೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಹೊರಗೆ 34 ಇರುವಾಗ ಫ್ರಿಜ್ ಇಲ್ಲದೆ ಇದನ್ನು ಶುರು ಮಾಡಿದರೆ ಸಿಗುವುದು ತಲೆನೋವು ಬರಿಸುವ, ಥಿನ್ನರ್ ವಾಸನೆಯ ಬಿಯರ್. ಮೊದಲ 4 ದಿನ 18ರಲ್ಲಿ ಹಿಡಿಯಿರಿ, ಆಮೇಲೆ ನಿಧಾನವಾಗಿ 21ಕ್ಕೆ ಬಿಡಿ. ಎಸ್.ಪಿ. ರೋಡ್‌ನಲ್ಲಿ ಸಿಗುವ ಸಾಧಾರಣ ಟೆಂಪರೇಚರ್ ಕಂಟ್ರೋಲರ್ ಒಂದನ್ನು ಹಳೆಯ ಫ್ರಿಜ್‌ಗೆ ಜೋಡಿಸಿದರೆ ಸಾಕು. ಸೆನ್ಸರ್ ಅನ್ನು ಪಾತ್ರೆಯ ಮೈಗೆ ಅಂಟಿಸಿ, ಫ್ರಿಜ್‌ನ ಗಾಳಿಯಲ್ಲಿ ನೇತುಹಾಕಬೇಡಿ. ಫ್ರಿಜ್ ಇಲ್ಲದಿದ್ದರೆ ದೀಪಾವಳಿ ಕಳೆದ ಮೇಲೆ ಶುರು ಮಾಡಿ ಸಂಕ್ರಾಂತಿ ಒಳಗೆ ಮುಗಿಸಿ. ಆಗ ರಾತ್ರಿ 15–16ಕ್ಕೆ ಇಳಿಯುತ್ತದೆ. ನೀರು ತುಂಬಿದ ಟಬ್ಬಿನಲ್ಲಿ ಪಾತ್ರೆ ಇಟ್ಟು, ಒದ್ದೆ ಗೋಣಿಚೀಲ ಸುತ್ತಿದರೆ ಹಗಲೂ ಹಿಡಿತದಲ್ಲಿರುತ್ತದೆ.

ಪೂರ್ಣ ಶಕ್ತಿ ಮಾಡುವವರಿಗೆ

ಹೊರದೇಶದಲ್ಲಿರುವವರಿಗೆ ಗ್ರ್ಯಾವಿಟಿ ಏರಿಸಲು ಮೂರು ದಾರಿ ಇವೆ. ಮೊದಲ ನೀರನ್ನಷ್ಟೇ ಬಸಿದು ಬಾರ್ಲಿವೈನ್ ಮಾಡಿ, ಉಳಿದ ಮಾಲ್ಟ್‌ಗೆ ಮತ್ತೆ ನೀರು ಹಾಕಿ ಹಗುರ ಬಿಯರ್ ಮಾಡುವುದು ಒಂದು. ಆಂಕರ್‌ನವರು ಓಲ್ಡ್ ಫಾಗ್‌ಹಾರ್ನ್‌ನ ಮಾಲ್ಟ್‌ನಿಂದಲೇ ಸ್ಮಾಲ್ ಬಿಯರ್ ಮಾಡುತ್ತಿದ್ದರು, ಫುಲ್ಲರ್ಸ್‌ನಲ್ಲೂ ಒಂದೇ ಮ್ಯಾಶ್‌ನಿಂದ ಹಲವು ಬಿಯರ್ ತೆಗೆಯುವ ಪದ್ಧತಿ ಇದೆ. ರುಚಿಗೆ ಇದೇ ಮೇಲು. 20 ಲೀಟರ್ ಬಿಗ್‌ಫುಟ್‌ಗೆ 11 ಕೆ.ಜಿ. ಮಾಲ್ಟ್, ಕನಿಷ್ಠ 40 ಲೀಟರಿನ ಪಾತ್ರೆ ಬೇಕು. ಎರಡನೆಯದು 3 ಗಂಟೆ ಕುದಿಸಿ ಇಂಗಿಸುವುದು. ಹಾರ್ವೆಸ್ಟ್‌ಗೆ ಇದು ಬಣ್ಣವನ್ನೂ ಸುಟ್ಟ ಸಕ್ಕರೆಯ ರುಚಿಯನ್ನೂ ಕೊಡುತ್ತದೆ, ಬಿಗ್‌ಫುಟ್‌ಗೆ ಬೇಡ. ಮೂರನೆಯದು 6 ಕೆ.ಜಿ. ಮಾಲ್ಟ್ ಜೊತೆ 2 ಕೆ.ಜಿ. ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್. ಸಣ್ಣ ಪಾತ್ರೆ ಇರುವವರಿಗೆ ಇದು ಮರ್ಯಾದೆಯ ದಾರಿಯೇ, ಬಿಗ್‌ಫುಟ್‌ನಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟ. ಹಾರ್ವೆಸ್ಟ್‌ನಲ್ಲಿ ಮಾತ್ರ ಎಕ್ಸ್‌ಟ್ರಾಕ್ಟ್ ಬಳಸಬೇಡಿ. ಅದರ ಬದಲು 10 ಲೀಟರ್ ಮಾಡಿ, 7 ಕೆ.ಜಿ. ಮಾರಿಸ್ ಓಟರ್‌ನಲ್ಲಿ ಆಗುತ್ತದೆ.

ಬಾಟಲಿ ಮತ್ತು ಕಾಯುವಿಕೆ

330 ಎಂ.ಎಲ್. ಬಾಟಲಿ ಸಾಕು. ವಾರದ ಅಂತರದಲ್ಲಿ ಎರಡು ಸಲ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಿದ ಮೇಲೆ ತುಂಬಿ. 20 ಲೀಟರಿಗೆ 85–90 ಗ್ರಾಂ ಸಕ್ಕರೆ. ಈ ಬಿಯರಿಗೆ ನೊರೆ ಜಾಸ್ತಿ ಬೇಡ. ತಿಂಗಳುಗಟ್ಟಲೆ ಪಾತ್ರೆಯಲ್ಲಿ ಇಟ್ಟಿದ್ದರೆ ತುಂಬುವಾಗ ಚಿಟಿಕೆ ಹೊಸ ಯೀಸ್ಟ್ ಸೇರಿಸಿ.

ಇಳಿಸಿದ ಬಿಗ್‌ಫುಟ್ ಅನ್ನು 2 ತಿಂಗಳಿಗೆ ತೆಗೆಯಿರಿ, 6 ತಿಂಗಳೊಳಗೆ ಮುಗಿಸಿ. ಅದು ತಾಜಾ ಬಿಗ್‌ಫುಟ್‌ನ ಕ್ಲೋನ್. ಕಡಿಮೆ ಆಲ್ಕೋಹಾಲ್ ಇರುವ ಕಾರಣ ಅಸಲಿಯಷ್ಟು ಚೆನ್ನಾಗಿ ಹಳೆಯದಾಗುವುದಿಲ್ಲ. ಬೆಂಗಳೂರಿನ ಬೇಸಿಗೆಯಲ್ಲಿ ಅಟ್ಟದ ಮೇಲಿಟ್ಟರೆ ಒದ್ದೆ ರಟ್ಟಿನ ರುಚಿ ಬರುತ್ತದೆ. ವಯಸ್ಸಾದ ರುಚಿಯೇ ಬೇಕು ಅನ್ನುವವರು 12–14 ಡಿಗ್ರಿಯಲ್ಲಿ ಇಡೀ ವರ್ಷ ಓಡುವ ಫ್ರಿಜ್ ಇದ್ದರೆ ಮಾತ್ರ ಗೋಲ್ಡನ್ ಪ್ರೈಡ್ ದಾರಿ ಹಿಡಿಯಿರಿ.

ಹೋಲಿಸಲು ಅಸಲಿ ಬಾಟಲಿ ಬೇಕೇ ಬೇಕು. ಅಮೆರಿಕದಿಂದ ಬರುವವರಿಗೆ ಹೇಳಿ ತರಿಸಿ. ಒಬ್ಬರಿಗೆ 2 ಲೀಟರ್ ಮದ್ಯಕ್ಕೆ ಸುಂಕ ಇಲ್ಲ, ಅಂದರೆ 355 ಎಂ.ಎಲ್.ನ 5 ಬಿಗ್‌ಫುಟ್ ಆರಾಮವಾಗಿ ಬರುತ್ತವೆ. ಬಂದ ತಕ್ಷಣ ಫ್ರಿಜ್‌ಗೆ ಹಾಕಿ. ಮುಚ್ಚಳದ ಮೇಲಿರುವ ವರ್ಷವನ್ನು ಬರೆದಿಟ್ಟುಕೊಳ್ಳಿ. ಎರಡನ್ನೂ 12 ಡಿಗ್ರಿಯಲ್ಲಿ, ಒಂದೇ ಥರದ ಗ್ಲಾಸಿನಲ್ಲಿ, ಯಾವುದು ಯಾವುದೆಂದು ಹೇಳದೆ ಇನ್ನೊಬ್ಬರಿಂದ ಸುರಿಸಿಕೊಂಡು, 100 ಎಂ.ಎಲ್. ಮಾತ್ರ ಕುಡಿದು ನೋಡಿ. ಮೊದಲು ಕಹಿ ಹೋಲಿಸಿ, ಆಮೇಲೆ ವಾಸನೆ, ಕೊನೆಗೆ ಮೈ. ಕಹಿ ಕಡಿಮೆ ಅನ್ನಿಸಿದರೆ ಮುಂದಿನ ಸಲ ಚಿನೂಕ್ 10 ಗ್ರಾಂ ಏರಿಸಿ. ಮೈ ತೆಳು ಅನ್ನಿಸಿದರೆ ಮ್ಯಾಶ್ ಅನ್ನು ಒಂದು ಡಿಗ್ರಿ ಮೇಲಕ್ಕೆ ತನ್ನಿ. ಒಂದು ಸಲಕ್ಕೆ ಎರಡನ್ನೂ ಬದಲಿಸಬೇಡಿ.